ಗಂಟೆ ಹೊಡೆಯುವ ಕಾಲು

ಮೆಲ್ಬರ್ನಿನ ಬ್ರನ್ಸ್‌ವಿಕ್ ಬೀದಿಯಲ್ಲಿ ಟ್ರಾಮಿಗೆ ಕಾಯುತ್ತಿದ್ದೆ. ಮುಂದೆ ಇಬ್ಬರು ಟ್ರಾಮ್ ಚಾಲಕರು, ಒಬ್ಬ ಗಂಡಸು, ಒಬ್ಬ ಹೆಂಗಸು, ಸಮವಸ್ತ್ರದಲ್ಲೇ. ಎಲ್ಲ ಊರಿನ ಟ್ರಾಮುಗಳಿಗೂ ಹೊಂದುವಂಥ ಒಂದೇ ನಮೂನೆಯ ಚಾಲಕರ ಕೋಣೆಯನ್ನು ಪ್ಲೈವುಡ್ಡಿನಲ್ಲಿ ಮಾಡಿಟ್ಟಿದ್ದಾರಂತೆ. ಅದರಲ್ಲಿ ಕೂತು ಪರೀಕ್ಷೆ ಮಾಡಿ ಬರುತ್ತಿದ್ದರು.

"ಒಪ್ಪಿಗೆ ಅಂತ ಸಹಿ ಹಾಕೇಬಿಟ್ಯಾ ಬ್ರಾನ್ವಿನ್?"

"ಮತ್ತೇನು ಮಾಡ್ಲಿ ತಾಸೋಸ್? ಒಂದು ಬಾಗಿಲಿನ ಮೋಟಾರಿಗೋಸ್ಕರ ನನ್ನ ಗಾಡಿ ಚಳಿಗಾಲ ಪೂರ್ತಿ ಶೆಡ್ಡಲ್ಲಿ ಮಲಗಿತ್ತು. ಪಕ್ಕದ ಗಾಡೀದು ಇದಕ್ಕೆ ಕೂರಲ್ಲ. ಎಲ್ಲಾ ಒಂದೇ ನಮೂನೆ ಆದ್ರೆ ಇನ್ಮೇಲೆ ಯಾವುದರದ್ದು ಬೇಕಾದ್ರೂ ಬಿಚ್ಚಿ ಹಾಕಬಹುದು."

"ಬಾಗಿಲು ಹಾಳಾಗ್ಲಿ, ಗಂಟೆ ಎಲ್ಲಿ? ತುಳಿದು ಹೊಡೆಯೋಕೆ ಕಾಲಡಿ ಪೆಡಲ್ಲೇ ಇಲ್ಲ."

"ಕೈ ಹತ್ರ ಗುಂಡಿ ಇದೆಯಲ್ಲೋ. ಬೇರೆ ಊರವರು ಅದನ್ನೇ ಒತ್ತೋದಂತೆ."

"ಪರೀಕ್ಷೆ ನಡೆಸೋರು ಆಳೆತ್ತರದ ಗೊಂಬೇನ ಅಡ್ಡ ತಳ್ಳಿದಾಗ ನಾನು ಅಭ್ಯಾಸಬಲದಿಂದ ತುಳಿದೆ. ಗಂಟೆ ಹೊಡೀಲಿಲ್ಲ, ಪ್ಲೈವುಡ್ಡು ಮುರೀತು. ನಿಜವಾದ ಮನುಷ್ಯ ಆಗಿದ್ರೆ?"

"ಅಭ್ಯಾಸ ಮಾಡ್ಕೋ ಮಾರಾಯ. ನಾನು ಗುಂಡಿ ಒತ್ತಲಿಲ್ವಾ?"

"ಗೊಂಬೆ ಬರುತ್ತೆ ಅಂತ ನಿಂಗೆ ಮೊದಲೇ ಗೊತ್ತಿತ್ತು."

ಅಷ್ಟರಲ್ಲಿ ಟ್ರಾಮ್ ಬಂತು. ಫೋನು ನೋಡುತ್ತಾ ಒಬ್ಬ ಸೀದಾ ಹಳಿಯ ಮೇಲೆ ಇಳಿದ. ಠಣ್ ಠಣ್ ಎಂದು ಗಂಟೆ ಹೊಡೆದದ್ದೇ ಹಿಂದಕ್ಕೆ ಹಾರಿದ. ಗಾಡಿ ನಿಂತಿತು.

"ಅವನು ಬದುಕಿದ, ಸರಿ," ಎಂದ ತಾಸೋಸ್. "ನೀನ್ಯಾಕೆ ನೆಲ ತುಳೀತಾ ಇದ್ದೀಯ ತಾಯಿ?"

ಬ್ರಾನ್ವಿನ್ ತನ್ನ ಬೂಟು ನೋಡಿಕೊಂಡಳು.

"ಯಾವ ಭಾಗ ಬೇಕಾದ್ರೂ ಬಿಚ್ಚಿ ಹಾಕಬಹುದಾದ ಕೋಣೆ ತಾನೇ? ಪೆಡಲ್ಲೂ ಹಾಕ್ಲಿ. ನಾಳೆ ಹೋಗಿ ಹೇಳ್ತೀನಿ."

"ಸಹಿ ಹಾಕಾಯ್ತಲ್ಲ?"

"ಸಹಿ ಹಾಕಿದ್ದು ಕೈ ಕಣೋ," ಎನ್ನುತ್ತಾ ಅವಳು ಟ್ರಾಮ್ ಹತ್ತಿದಳು. "ಕಾಲನ್ನ ಯಾರೂ ಕೇಳಿರ್ಲಿಲ್ಲ."