ಹನ್ನೊಂದನೇ ಕರೆ

ಒಮಾಹಾ ವಿಮಾನ ನಿಲ್ದಾಣದಲ್ಲಿ ಬೆಳಗಿನ ಕಾಫಿಗೆ ಸಾಲು ನಿಂತಿದ್ದೆ. ನನ್ನ ಮುಂದೆ, ಆಗತಾನೇ ವಿಮಾನದಿಂದಿಳಿದ ಬೇಸ್‌ಬಾಲ್ ಎಸೆತಗಾರ. ಚೀಲದ ಮೇಲೆ ಅವನ ಹೆಸರು, ರಸ್ಕ್ ಎಂದಿತ್ತು. ಕರೆದೊಯ್ಯಲು ಹೆಂಡತಿ ಬಂದಿದ್ದಳು.

"ದೊಡ್ಡ ಲೀಗ್‌ನಲ್ಲಿ ಮೂರು ದಿನ ಇದ್ಯಲ್ಲ, ಆಡಿಸಿದ್ರಾ?"

"ಬೆಂಚಲ್ಲಿ ಕೂರಿಸಿದ್ರು. ನಿನ್ನೆ ವಾಪಸ್ ಕೆಳಗಿನ ತಂಡಕ್ಕೆ ಹೋಗು ಅಂದ್ರು."

"ಹೀಗೆ ಕರೆಸಿ ವಾಪಸ್ ಕಳಿಸ್ತಿರೋದು ಇದು ಹತ್ತನೇ ಸಲ. ನಿಂಗೆ ಮೂವತ್ತನಾಲ್ಕು ಕಣೋ."

"ಗೊತ್ತು ಕೊರಿನ್. ಅದಕ್ಕೇ ನಿನ್ನೆನೇ ನಮ್ಮೂರ ಹೈಸ್ಕೂಲಿಗೆ ಫೋನ್ ಮಾಡಿ ಕೋಚ್ ಕೆಲಸ ಒಪ್ಕೊಂಡೆ."

"ನಿಜವಾಗ್ಲೂ?"

"ನಿನ್ನಾಣೆ. ಇನ್ನು ಮನೇಲೇ ಇರ್ತೀನಿ."

ಅವಳು ಅವನ ತೋಳಿಗೆ ತಲೆಯಾನಿಸಿದಳು. ಅಷ್ಟರಲ್ಲಿ ಅವನ ಫೋನ್ ರಿಂಗಾಯಿತು.

"ಹೇಳಿ ಸರ್... ಇವತ್ತೇನಾ?... ಆಯ್ತು, ಬರ್ತೀನಿ."

ಅವಳು ತಲೆಯೆತ್ತಿದಳು. "ಯಾರು?"

"ದೊಡ್ಡ ತಂಡದೋರು. ಯಾರದೋ ಮೊಣಕೈ ಕೈಕೊಟ್ಟಿದೆ. ಒಂಬತ್ತೂವರೆ ವಿಮಾನಕ್ಕೆ ಬಾ ಅಂತಿದಾರೆ."

"ಬರ್ತೀನಿ ಅಂದ್ಬಿಟ್ಯಲ್ಲ."

"ನಂಗೇ ಗೊತ್ತಿಲ್ದೆ ಬಾಯಿಂದ ಬಂದ್ಬಿಡ್ತು. ನೀನು ಬೇಡ ಅನ್ನು, ಹೋಗಲ್ಲ."

"ಪ್ರತಿ ಸಲ ನನ್ನ ಬಾಯಲ್ಲೇ ಹೇಳಿಸೋಕೆ ನೋಡ್ತೀಯ. ನಾನು ಬೇಡ ಅಂದ್ರೆ, ಸಾಯೋತನಕ ನನ್ನ ಮುಖ ನೋಡಿದಾಗೆಲ್ಲ ಈ ವಿಮಾನಾನೇ ನೆನೆಸ್ಕೋತೀಯ."

"ಇಲ್ಲ."

"ನನ್ನನ್ನ ನೋಡಿ ಹೇಳು."

ಅವನು ನೆಲ ನೋಡುತ್ತಲೇ ನಿಂತ. ಸಾಲು ಮುಂದೆ ಸರಿಯಿತು, ಅವರಿಬ್ಬರೂ ಸರಿಯಲಿಲ್ಲ.

"ನಡಿ, ಹೊತ್ತಾಯ್ತು," ಎಂದು ಅವಳೇ ಚೀಲ ಎತ್ತಿಕೊಂಡು ಹೊರಡುವ ದ್ವಾರದ ಕಡೆ ನಡೆದಳು. ಅವನು ಅವಳ ಹಿಂದೆ ಹೋದ.