ಪ್ರೀತಿಯ ವಾಕ್ಯ

ಆಸ್ಪತ್ರೆಯ ಬೆಂಚಿನ ತುದಿಯಲ್ಲಿ ಬಟ್ಟೆ ಹೊಲಿದು ಬದುಕುವ ಅಜ್ಜಿಯೊಬ್ಬಳು ಕಣ್ಣು ಮುಚ್ಚಿ ದೇವರನ್ನು ನೆನೆಯುತ್ತ ಕೂತಿದ್ದಳು. ಪಕ್ಕದಲ್ಲಿ ನಡುವಯಸ್ಸಿನ ಅಕ್ಕ, ತಮ್ಮ. ಎದುರಿನ ಕೋಣೆಯಲ್ಲಿ ಅವರಪ್ಪ ಮಲಗಿದ್ದ. ಅವರ ಮಾತು ಕಿವಿಗೆ ಬಿದ್ದ ಮೇಲೆ ದೇವರು ಸ್ವಲ್ಪ ಹೊತ್ತು ಕಾಯಬೇಕಾಯಿತು.

“ಒಳಗೆ ಬಾ ಅಕ್ಕಾ. ಅಪ್ಪನಿಗೆ ಬೈಬಲಿನ ಆ ಪ್ರೀತಿಯ ವಾಕ್ಯ ನಿನ್ನ ಬಾಯಿಂದಲೇ ಕೇಳ್ಬೇಕಂತೆ. ಬೆಳಗ್ಗೆಯಿಂದ ಅದೊಂದೇ ಹಟ.”

“ನೀನೇ ಹೇಳು. ಸಂಡೇ ಸ್ಕೂಲಲ್ಲಿ ಬಹುಮಾನ ಹೊಡೆದೋನು ನೀನು. ಈಗ ಅಲ್ಲಿನ ಮಕ್ಕಳಿಗೂ ಬಾಯಿಪಾಠ ಮಾಡಿಸ್ತೀಯಲ್ಲ.”

“ಅವಕ್ಕೆ ರಾಗ ಹಾಕಿ ಹೇಳ್ಕೊಡ್ತೀನಿ. ಪದಕ್ಕೊಂದು ಕೈಸನ್ನೆ. ನಗ್ತಾ ನಗ್ತಾ ಕಲೀತಾವೆ.”

“ಅಪ್ಪನ ಹತ್ರಾನೂ ಕೈಸನ್ನೆ ಇತ್ತಪ್ಪ. ಪದ ತಪ್ಪಿದ್ರೆ ಅಂಗೈ ಚಾಚ್ಬೇಕು. ಬೆತ್ತ ಬಿದ್ಮೇಲೆ ಮತ್ತೆ ಮೊದಲಿಂದ ಶುರು. ನಿನಗೆ ಮಾತ್ರ ಒಂದೇಟೂ ಬೀಳ್ಲಿಲ್ಲ. ಅದು ಹೇಗೋ ಒಂದೇ ಸಲಕ್ಕೆ ಒಪ್ಪಿಸ್ತಿದ್ದೆ?”

ತಮ್ಮ ತಲೆ ತಗ್ಗಿಸಿದ.

“ನೀನು ಏಟು ತಿಂತಾ ಮತ್ತೆ ಮತ್ತೆ ಹೇಳ್ತಿದ್ದೆಯಲ್ಲ... ನಾನು ಬಾಗಿಲ ಹಿಂದೆ ನಿಂತು ಕೇಳಿ ಕಲಿತ್ಕೋತಿದ್ದೆ.”

“ಅಯ್ಯೋ ನನ್ನ ಜಾಣ!” ಅಕ್ಕ ನಕ್ಕಳು. ಅತ್ತಿದ್ದರೇ ವಾಸಿಯಿತ್ತು ಎನಿಸಿತು ಅಜ್ಜಿಗೆ.

“ಕ್ಷಮಿಸಿಬಿಡು ಅಕ್ಕಾ. ಅಪ್ಪನಿಗೆ ಎದ್ದು ಕೂರೋ ಶಕ್ತೀನೂ ಇಲ್ಲ. ನಾಳೆ ಇರ್ತಾರೋ ಇಲ್ವೋ.”

“ಕ್ಷಮಿಸ್ಬೇಕಾ? ಯಾರನ್ನ, ಅವರನ್ನೋ ನಿನ್ನನ್ನೋ?”

ನರ್ಸ್ ಬಾಗಿಲು ತೆರೆದು ಒಳಗೆ ಬರಹೇಳಿದಳು. ಅಕ್ಕ ಸೆರಗು ಸರಿಮಾಡಿಕೊಂಡು ಎದ್ದಳು.

“ನಡಿ, ಹೇಳ್ತೀನಿ. ಆದ್ರೆ ಪ್ರೀತಿ ಅನ್ನೋ ಪದ ಬಂದಾಗೆಲ್ಲ ಬೇಕಂತಲೇ ಬಿಟ್ಬಿಡ್ತೀನಿ. ಕೈಲಾದ್ರೆ ಎದ್ದು ಹೊಡೀಲಿ.”

ಇಬ್ಬರೂ ಒಳಗೆ ಹೋದರು.