ರೆಗ್ಯುಲೇಟರ್ ಯಾವ ಕಡೆಗೆ ತಿರುಗಿಸಬೇಕು?

ವೇದಿಕೆಯ ಮೇಲೆ ಆಸೀನರಾಗಿರುವ ಅಧ್ಯಕ್ಷರೇ, ಉದ್ಘಾಟಕರೇ, ಆಮಂತ್ರಣ ಪತ್ರಿಕೆಯಲ್ಲಿ ಹೆಸರಿದ್ದೂ ಇನ್ನೂ ದಾರಿಯಲ್ಲಿರುವ ಗಣ್ಯರೇ, ನನ್ನ ಜೊತೆ ಹೊಗೆ ಕುಡಿದ ಠಾಣೆಯ ಗೆಳೆಯರೇ, ಮಧುಗಿರಿಯ ಈ ಬಿಸಿಲಲ್ಲೂ ಬಂದು ಕುಳಿತಿರುವ ಸಭಿಕರೇ,

ಅಗ್ನಿಶಾಮಕ ಸಪ್ತಾಹದ ಈ ಸಮಾರಂಭದಲ್ಲಿ, ಹೋದ ತಿಂಗಳು ನಿವೃತ್ತನಾದ ಹನುಮಂತರಾಜು ಎಂಬ ನನಗೆ ಶಾಲು ಹೊದಿಸಿದ್ದೀರಿ, ಹಾರ ಹಾಕಿದ್ದೀರಿ. ಸಂತೋಷ. ಆದರೆ ನಿರೂಪಕರು ನನ್ನನ್ನು ‘ಬೆಂಕಿಯನ್ನು ಗೆದ್ದ ವೀರ’ ಎಂದರು ನೋಡಿ, ಅಲ್ಲಿ ನನಗೆ ಸಿಟ್ಟು ಬಂತು. ಎರಡೇ ಮಾತು ಸಾಕು ಎಂದು ಚೀಟಿಯೂ ಬಂದಿದೆ. ಎರಡೇ ಆಡುತ್ತೇನೆ. ಸ್ವಲ್ಪ ಉದ್ದ ಇರಬಹುದು.

ಮೂವತ್ತೊಂದು ವರ್ಷ ಸಿರಾ, ಕೊರಟಗೆರೆ, ಪಾವಗಡ, ಮಧುಗಿರಿ ಎಂದು ಜಲವಾಹನದಲ್ಲಿ ಸುತ್ತಿದವನು ನಾನು. ಕೇಳುತ್ತೇನೆ, ಬೆಂಕಿ ಬಿದ್ದರೆ ನೀವು ಮೊದಲು ಯಾರಿಗೆ ಫೋನ್ ಮಾಡುತ್ತೀರಿ? ನಮಗಲ್ಲ. ಪಂಚಾಯಿತಿ ಮೆಂಬರಿಗೆ! ನಿಡುಗಲ್ ಹತ್ತಿರ ಕದಿರಯ್ಯ ಎಂಬ ಹಿರಿಯರ ಹುಲ್ಲಿನ ಬಣವೆಗೆ ಬೆಂಕಿ ಬಿದ್ದಾಗ ಸುತ್ತ ನಿಂತು ವಿಡಿಯೊ ಮಾಡಿದವರು ಹನ್ನೊಂದು ಜನ. ತುರ್ತು ಕರೆಯ ನೂರಹನ್ನೆರಡಕ್ಕೆ ಫೋನ್ ಮಾಡಿದವರು ಒಬ್ಬರೂ ಇಲ್ಲ. ಮೆಂಬರು ಊಟ ಮುಗಿಸಿ ನಮಗೆ ತಿಳಿಸಿ, ನಾವು ಆ ಗುಡ್ಡದ ದಾರಿ ಹಿಡಿದು ಹೋಗುವಷ್ಟರಲ್ಲಿ ಉಳಿದದ್ದು ಬೂದಿ. ಕದಿರಯ್ಯನವರು ನಮ್ಮನ್ನು ಕಂಡು, “ಇಪ್ಪುಡಾ ಸಾಮಿ ಒಚ್ಚೇದಿ? ಈಗ ಬಂದು ಬೂದಿ ತಗಂಡೋಗ್ತೀರಾ?” ಎಂದು ತೆಲುಗು ಬೆರೆಸಿ ಕೇಳಿದರು. ಬೈಗುಳ ನಮಗೆ, ವಿಡಿಯೊ ಮಾಡಿದವರಿಗೆ ಲೈಕು. ಇದು ನ್ಯಾಯವೇ?

ಇನ್ನೊಂದು ಕೇಳುತ್ತೇನೆ. ಗ್ಯಾಸ್ ಪೈಪಿನ ಮೇಲೆ ಅದನ್ನು ಯಾವ ವರ್ಷದೊಳಗೆ ಬದಲಿಸಬೇಕೆಂದು ಅಚ್ಚು ಹಾಕಿರುತ್ತಾರೆ. ನೋಡಿದವರು ಕೈ ಎತ್ತಿ. ನಾಲ್ಕು. ಇಷ್ಟು ದೊಡ್ಡ ಸಭೆಯಲ್ಲಿ ನಾಲ್ಕು ಕೈ! ನಾಚಿಕೆಯಾಗಬೇಕು. ನಿಮಗೆ ಮಾತ್ರವಲ್ಲ. ಯಾರಿಗೆ ಎಂದು ಹೇಳುತ್ತೇನೆ.

ಹೋದ ವರ್ಷ ಇದೇ ಸಪ್ತಾಹದಲ್ಲಿ ಕೊಳಾಲದ ಕಡೆಯ ಒಂದು ಶಾಲೆಯಲ್ಲಿ ನಾನು ಪ್ರಾತ್ಯಕ್ಷಿಕೆ ಕೊಡುತ್ತಿದ್ದೆ. ಸಿಲಿಂಡರಿಗೆ ಬೆಂಕಿ ಹಚ್ಚುವುದು, ಒದ್ದೆ ಗೋಣಿಚೀಲ ಹಾಕಿ ಆರಿಸುವುದು, ಮಕ್ಕಳಿಂದ ಚಪ್ಪಾಳೆ ತಟ್ಟಿಸಿಕೊಳ್ಳುವುದು. ಜೇಬಿನಲ್ಲಿ ಫೋನ್ ಗುರುಗುಟ್ಟಿತು. ಮನೆಯಿಂದ ನನ್ನ ಹೆಂಡತಿ ಅನಸೂಯ. ಕಟ್ ಮಾಡಿದೆ. ಮತ್ತೆ ಬಂತು, ಮತ್ತೆ ಕಟ್ ಮಾಡಿದೆ. ಮೂರನೇ ಸಲ ಫೋನನ್ನೇ ಆಫ್ ಮಾಡಿದೆ. ಅವಳೂ ನೂರಹನ್ನೆರಡಕ್ಕೆ ಮಾಡಲಿಲ್ಲ. ಇಲಾಖೆಯೇ ಮನೆಯಲ್ಲಿರುವಾಗ ಏಕೆ ಮಾಡಬೇಕು?

ಅಲ್ಲಿ ನನ್ನ ಅಡುಗೆಮನೆಯಲ್ಲಿ ರೆಗ್ಯುಲೇಟರ್ ಪಕ್ಕದಲ್ಲೇ ಪೈಪು ಸೀಳಿ ಬೆಂಕಿ ಹತ್ತಿಕೊಂಡಿತ್ತು. ಅದರ ಆಚೆಯ ಕೋಣೆಯಲ್ಲಿ, ಸೊಂಟ ಮುರಿದು ಮಂಚ ಹಿಡಿದಿದ್ದ ನನ್ನ ಅವ್ವ ಜುಂಜಮ್ಮ. ಅನಸೂಯ ಒಲೆಯ ತಿರುಪು ಬಂದ್ ಮಾಡಿದಳು, ಬೆಂಕಿ ನಿಲ್ಲಲಿಲ್ಲ. ರೆಗ್ಯುಲೇಟರ್ ಯಾವ ಕಡೆಗೆ ತಿರುಗಿಸಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಏಕೆಂದರೆ ಇಪ್ಪತ್ತಾರು ವರ್ಷ ಸಿಲಿಂಡರ್ ಹಾಕಿದವನು ನಾನು. “ನೀನು ಮುಟ್ಬೇಡ, ನಿಂಗೆ ಗೊತ್ತಾಗಲ್ಲ” ಎಂದವನೂ ನಾನೇ.

“ಅತ್ತೆ, ಮೊದ್ಲು ನಿಮ್ಮನ್ನ ಈಚಿಕ್ಕೆ ಎಳ್ಕಂಬುಡ್ತೀನಿ” ಎಂದು ಅವಳು ಓಡಿ ಬಂದಳಂತೆ.

“ನಾನೆಲ್ಲಿಗ್ ಓಡೋಗ್ತೀನಿ? ಮೊದ್ಲು ಅದುನ್ನ ನೋಡು” ಎಂದಳಂತೆ ಅವ್ವ. “ನನ್ ಕಂಬ್ಳಿ ತಗ. ನೀರ್ನಾಗೆ ಅದ್ದಿ ಅದ್ರ ಮ್ಯಾಲೆ ಹಾಕ್ಬುಡು. ಉಣ್ಣೆ ಬಿರ್ನೆ ಉರಿಯಾಕಿಲ್ಲ. ಅಂಜ್ಬ್ಯಾಡ ಕಣಮ್ಮ.”

ಕುರಿಹಟ್ಟಿಯಲ್ಲಿ ಹುಟ್ಟಿದವಳು ನನ್ನವ್ವ, ಗುಡಿಸಲು ಉರಿದದ್ದನ್ನು ಕಂಡವಳು. ಅನಸೂಯ ಒದ್ದೆ ಕಂಬಳಿ ಹಾಕಿ, ಅದರಡಿ ಕೈ ತೂರಿಸಿ ರೆಗ್ಯುಲೇಟರ್ ಹಿಡಿದಳು. ಒಂದು ಕಡೆಗೆ ತಿರುಗಿಸಿದಳು, ಬರಲಿಲ್ಲ. ಇನ್ನೊಂದು ಕಡೆಗೆ ತಿರುಗಿಸಿದಳು, ಬೆಂಕಿ ಸತ್ತಿತು. ಆ ಎರಡು ಕಡೆಗಳ ನಡುವೆ ಅವಳ ಬಲ ಅಂಗೈ ಬೆಂದುಹೋಗಿತ್ತು.

ಮಧ್ಯಾಹ್ನ ಸಮವಸ್ತ್ರದಲ್ಲಿ ಮನೆಗೆ ಹೋದ ಈ ವೀರ ಮೊದಲು ಏನು ಕೇಳಿದ ಗೊತ್ತೇ? ನೋಯುತ್ತಿದೆಯಾ ಎಂದಲ್ಲ. “ರೆಗ್ಯುಲೇಟರ್ ಆಫ್ ಮಾಡೋದೂ ಗೊತ್ತಾಗ್ಲಿಲ್ವೇನೇ ನಿಂಗೆ?” ಎಂದ.

ಅವಳು ಅಳಲಿಲ್ಲ. “ಊರ್ಗೆಲ್ಲ ತೋರುಸ್ಕಂಡು ತಿರುಗ್ತೀರ. ನಂಗೆ ಯಾವತ್ತು ತೋರ್ಸಿದ್ರಿ?” ಎಂದಳು.

ಪೈಪು ಎತ್ತಿ ನೋಡಿದೆ. ಅಚ್ಚಾಗಿದ್ದ ವರ್ಷ ದಾಟಿ ಎರಡು ವರ್ಷವಾಗಿತ್ತು. ಈಗ ಹೇಳಿ, ನಾಚಿಕೆ ಯಾರಿಗೆ?

ಅವಳ ಎರಡು ಬೆರಳು ಇಂದಿಗೂ ಪೂರ್ತಿ ಮಡಚುವುದಿಲ್ಲ. ಮುದ್ದೆ ತಿರುವುವ ಕೆಲಸ ನನ್ನದಾಗಿದೆ. “ಬೆಂಕಿ ಆರ್ಸೋನ್ಗೆ ಗಂಟಿಲ್ದಂಗೆ ಮುದ್ದೆ ಮಾಡಾಕ್ ಬರಾಕಿಲ್ವಲ್ಲೋ” ಎನ್ನುತ್ತಾಳೆ ಅವ್ವ. ನಗಿ, ನಗಿ. ಸಿಲಿಂಡರನ್ನು ಈಗ ಅನಸೂಯಳೇ ಬದಲಿಸುತ್ತಾಳೆ, ಒಂದೂವರೆ ಕೈಯಲ್ಲಿ. ಇವತ್ತು ಸನ್ಮಾನಕ್ಕೆ ಬಾ ಎಂದು ಕರೆದೆ. “ಕೇಳಿವ್ನಿ ಬುಡಿ ನಿಮ್ ಭಾಷ್ಣ” ಎಂದಳು. ತಪ್ಪಾಯಿತು ಎಂಬ ಒಂದು ಮಾತನ್ನು ಅವಳಿಗೆ ನಾನಿನ್ನೂ ಹೇಳಿಲ್ಲ... ಇರಲಿ. ಅದು ಸಭೆಯ ವಿಷಯವಲ್ಲ.

ಸಭೆಯ ವಿಷಯ ಇದು. ಈ ಕಾರ್ಯಕ್ರಮದ ಹೆಸರು ‘ಮನೆಮನೆಗೆ ಮುನ್ನೆಚ್ಚರಿಕೆ’. ಮುಂದಿನ ನಾಲ್ಕು ಸಾಲು ನೋಡುತ್ತಿದ್ದೇನೆ, ಬರೀ ಬಿಳಿ ಅಂಗಿ. ನಿಮ್ಮಲ್ಲಿ ಇವತ್ತು ಬೆಳಿಗ್ಗೆ ಒಲೆ ಹಚ್ಚಿದವರು ಯಾರು? ಒಲೆಯ ಹತ್ತಿರ ಸುಳಿಯದವರಿಗೆ ಮೂವತ್ತೊಂದು ವರ್ಷ ಪಾಠ ಹೇಳಿದೆನಲ್ಲ! ಒಲೆ ಹಚ್ಚಿದವರು ಎಲ್ಲಿದ್ದಾರೆ? ಈ ಭವನದ ಹಿಂದೆ, ನಮ್ಮೆಲ್ಲರ ಊಟಕ್ಕಾಗಿ ಆರು ಸಿಲಿಂಡರುಗಳ ನಡುವೆ ನಿಂತಿದ್ದಾರೆ. ರಾಧಾಮಣಿಯವರೇ, ಅಡುಗೆಯ ಮುಖ್ಯಸ್ಥರು ನೀವೇ ಅಲ್ಲವೇ? ಒಲೆಗಳನ್ನೆಲ್ಲ ಆರಿಸಿ, ನಿಮ್ಮ ಏಳೂ ಜನರನ್ನು ಕರೆದುಕೊಂಡು ಒಳಗೆ ಬನ್ನಿ. ಮೊದಲ ಸಾಲಿನವರು ದಯವಿಟ್ಟು ಎದ್ದು ಕುರ್ಚಿ ಬಿಡಿ. ಊಟ ತಡವಾಗುತ್ತದೆ, ಆಗಲಿ! ಅವರಲ್ಲಿ ಒಬ್ಬೊಬ್ಬರೂ ತಮ್ಮ ಕೈಯಿಂದಲೇ ರೆಗ್ಯುಲೇಟರ್ ತಿರುಗಿಸಿ ನೋಡುವವರೆಗೆ ನಾನು ಈ ವೇದಿಕೆಯಿಂದ ಇಳಿಯುವುದಿಲ್ಲ.

ಶಾಲು ಹೊದಿಸಿದ ಕೈಗಳಿಗೆ ನಾನು ಋಣಿ. ಮೊದಲ ಸಾಲಿನವರಿಗಿಂತ ಮೊದಲು ಎದ್ದು ವೇದಿಕೆಯ ಮೇಲಿನ ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟ ಅಧ್ಯಕ್ಷರಿಗೆ ವಂದನೆ. ಬನ್ನಿ ತಾಯಿ, ಬಾಗಿಲಲ್ಲಿ ನಿಲ್ಲಬೇಡಿ, ಕೈ ಒರೆಸಿಕೊಂಡು ಮುಂದೆ ಬನ್ನಿ. ನಿಮಗೆ ನನ್ನ ನಮಸ್ಕಾರ.